ಓದುಗರ ಪ್ರಶ್ನೆ: ಡಿಸ್ಕ್ ಒಂದು, ಸರ್ವರ್ ಹಲವು, ಒಳಗೆ ಬಿಡುವುದು ಯಾರನ್ನು?

ನೆಟ್‌ವರ್ಕ್ ಮೂಲಕ ಸರ್ವರ್‌ಗಳಿಗೆ ಡಿಸ್ಕ್ ಹಂಚುವ ಐಸ್ಕಸಿ ಮತ್ತು ಫೈಬರ್ ಚಾನೆಲ್ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಡಿಸ್ಕ್ ಕೊಡುವ ಯಂತ್ರ ಟಾರ್ಗೆಟ್, ಪಡೆಯುವ ಸರ್ವರ್ ಇನಿಷಿಯೇಟರ್, ಕೊಟ್ಟ ಒಂದೊಂದು ಡಿಸ್ಕ್ ತುಂಡೂ ಒಂದೊಂದು ಲನ್. ಕಮಾಂಡ್‌ಗಳನ್ನು ಉಚ್ಚಾರದಂತೆ ಅಚ್ಚು ಹಾಕಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಪ್ರಶ್ನೆ: ಕಾಲೇಜಿನ ಲ್ಯಾಬ್‌ನಲ್ಲಿ ಲಿನಕ್ಸ್ ಯಂತ್ರವೊಂದನ್ನು ಟಾರ್ಗೆಟ್ ಮಾಡಿದ್ದೇವೆ. ಎರಡು ಸರ್ವರ್‌ಗಳ ಹೆಸರನ್ನು ಎಸಿಎಲ್‌ಗೆ (ಒಳಗೆ ಬಿಡಬೇಕಾದವರ ಪಟ್ಟಿಗೆ) ಸೇರಿಸಿದ್ದೂ ಆಯಿತು. ಆದರೂ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ನಿಂದಲೂ ಲಾಗಿನ್ ಆಗುತ್ತದೆ, ಡಿಸ್ಕಿಗೆ ಬರೆಯಲೂ ಬರುತ್ತದೆ. ಎಲ್ಲಿ ತಪ್ಪಿದ್ದೇವೆ? (ದಾವಣಗೆರೆ)

ನೀವು ಟಾರ್ಗೆಟ್‌ಸಿಎಲ್‌ಐ (ಟಾರ್ಗೆಟ್ ಸಜ್ಜುಗೊಳಿಸುವ ಕಮಾಂಡ್) ಒಳಗೆ ಹೋಗಿ ‘ಎಲ್‌ಎಸ್’ ಹೊಡೆಯಿರಿ. ಟಿಪಿಜಿ1 (ಟಾರ್ಗೆಟ್‌ನ ಲನ್, ಎಸಿಎಲ್, ಪೋರ್ಟಲ್ ಒಟ್ಟಿಗಿರುವ ಗುಂಪು) ಸಾಲಿನ ಕೊನೆಗೆ ಚೌಕ ಕಂಸದಲ್ಲಿ ‘ಜೆನ್-ಎಸಿಎಲ್ಸ್, ನೋ-ಆಥ್’ ಎಂದು ಕಂಡರೆ ರೋಗ ಅದೇ. ಬೇಗ ಕೆಲಸ ಮುಗಿಯಲಿ ಎಂದು ಬರೆದ ಪಾಠಗಳಲ್ಲಿ ‘ಜೆನರೇಟ್_ನೋಡ್_ಎಸಿಎಲ್ಸ್=1, ಡೆಮೊ_ಮೋಡ್_ರೈಟ್_ಪ್ರೊಟೆಕ್ಟ್=0, ಅಥೆಂಟಿಕೇಶನ್=0’ ಎಂಬ ಮೂರು ಸೆಟ್ಟಿಂಗ್ ಒಟ್ಟಿಗೆ ಬರುತ್ತವೆ. ಇದಕ್ಕೆ ಡೆಮೊ ಮೋಡ್ ಎಂದು ಹೆಸರು. ಯಾರು ಬಂದು ಯಾವ ಹೆಸರು ಹೇಳಿದರೂ ಆ ಕ್ಷಣಕ್ಕೆ ಅವರಿಗೊಂದು ಎಸಿಎಲ್ ಹುಟ್ಟಿಸಿ ಒಳಗೆ ಬಿಡುತ್ತದೆ. ನೀವು ಬರೆದ ಪಟ್ಟಿ ಇದ್ದೇ ಇದೆ, ಆದರೆ ಪಟ್ಟಿಯಲ್ಲಿ ಇಲ್ಲದವರನ್ನು ಅದು ತಡೆಯುವುದಿಲ್ಲ.

ಮೊದಲು ಎಲ್ಲ ಇನಿಷಿಯೇಟರ್‌ಗಳಲ್ಲೂ ಡಿಸ್ಕ್ ಅನ್‌ಮೌಂಟ್ ಮಾಡಿ ಲಾಗ್‌ಔಟ್ ಮಾಡಿ. ಆಮೇಲೆ ಟಿಪಿಜಿ1 ಒಳಗೆ ‘ಸೆಟ್ ಆಟ್ರಿಬ್ಯೂಟ್ ಜೆನರೇಟ್_ನೋಡ್_ಎಸಿಎಲ್ಸ್=0 ಡೆಮೊ_ಮೋಡ್_ರೈಟ್_ಪ್ರೊಟೆಕ್ಟ್=1 ಅಥೆಂಟಿಕೇಶನ್=1’. ಸೇವ್ ಮಾಡಿ ‘ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಟಾರ್ಗೆಟ್’ ಕೊಡಿ. ಈ ರೀಸ್ಟಾರ್ಟ್ ಬಿಡಬೇಡಿ. ಪರೀಕ್ಷೆ ನಡೆಯುವುದು ಲಾಗಿನ್ ಹೊತ್ತಿಗೆ ಮಾತ್ರ, ಒಳಗೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಡೆಮೊ ಮೋಡ್‌ನಲ್ಲಿ ಹುಟ್ಟಿದ ತಾತ್ಕಾಲಿಕ ಎಸಿಎಲ್‌ಗಳೂ ಕರ್ನಲ್‌ನ ನೆನಪಿನಲ್ಲಿ ಉಳಿದುಕೊಂಡು ಹಳಬರನ್ನು ಮತ್ತೆ ಬಿಡಬಹುದು. ರೀಸ್ಟಾರ್ಟ್ ಆದ ಮೇಲೆ ಅದೇ ಸಾಲಿನಲ್ಲಿ ‘ನೋ-ಜೆನ್-ಎಸಿಎಲ್ಸ್, ಆಥ್ ಪರ್-ಎಸಿಎಲ್’ ಎಂದು ಕಾಣಬೇಕು.

ಇಲ್ಲೇ ಇನ್ನೊಂದು ಗುಂಡಿ ಇದೆ. ಪಾಸ್‌ವರ್ಡ್ ಎಲ್ಲಿ ಇಡಬೇಕು ಎಂಬುದು. ಡೆಮೊ ಮೋಡ್‌ನಲ್ಲಿ ಟಿಪಿಜಿ ಮಟ್ಟದ ಯೂಸರ್‌ಐಡಿ, ಪಾಸ್‌ವರ್ಡ್ ಲೆಕ್ಕಕ್ಕೆ ಬರುತ್ತವೆ. ಎಸಿಎಲ್ ಇದ್ದರೆ ಆಯಾ ಎಸಿಎಲ್ ಒಳಗೆ ಹೋಗಿ ‘ಸೆಟ್ ಆಥ್’ ಮಾಡಬೇಕು. ಟಿಪಿಜಿಯಲ್ಲಿ ಇಟ್ಟ ಪಾಸ್‌ವರ್ಡನ್ನು ಆಗ ಯಾರೂ ತೆರೆದೂ ನೋಡುವುದಿಲ್ಲ.

ಬಾಗಿಲು ಮುಚ್ಚಿದ ಮೇಲೂ ಒಳಗಿನ ಕೋಣೆಗಳ ಪ್ರಶ್ನೆ ಉಳಿಯುತ್ತದೆ. ಟಾರ್ಗೆಟ್‌ಸಿಎಲ್‌ಐನಲ್ಲಿ ‘ಆಟೊ_ಆ್ಯಡ್_ಮ್ಯಾಪ್ಡ್_ಲನ್ಸ್’ ಮೊದಲಿನಿಂದಲೇ ‘ಟ್ರೂ’ ಆಗಿರುತ್ತದೆ. ಅಂದರೆ ಹೊಸ ಎಸಿಎಲ್ ಮಾಡಿದರೆ ಆ ಟಿಪಿಜಿಯ ಎಲ್ಲ ಲನ್‌ಗಳೂ ಅದಕ್ಕೆ ಅಂಟಿಕೊಳ್ಳುತ್ತವೆ, ಹೊಸ ಲನ್ ಮಾಡಿದರೆ ಅದು ಎಲ್ಲ ಎಸಿಎಲ್‌ಗಳಿಗೂ ಅಂಟುತ್ತದೆ. ಡೇಟಾಬೇಸ್ ಸರ್ವರ್‌ಗೆಂದು ಮಾಡಿದ 500 ಜಿಬಿ ಲನ್ ಬ್ಯಾಕಪ್ ಸರ್ವರ್‌ನಲ್ಲೂ ‘ಹೊಸ ಡಿಸ್ಕ್’ ಎಂದು ತಲೆ ಎತ್ತುವುದು ಹೀಗೆಯೇ. ಯಾರೋ ಒಬ್ಬರು ಖಾಲಿ ಡಿಸ್ಕ್ ಎಂದುಕೊಂಡು ಫಾರ್ಮ್ಯಾಟ್ ಮಾಡುವವರೆಗೆ ಗೊತ್ತೇ ಆಗುವುದಿಲ್ಲ. ‘ಸೆಟ್ ಗ್ಲೋಬಲ್ ಆಟೊ_ಆ್ಯಡ್_ಮ್ಯಾಪ್ಡ್_ಲನ್ಸ್=ಫಾಲ್ಸ್’ ಮಾಡಿ, ಪ್ರತಿ ಎಸಿಎಲ್ ಒಳಗೆ ಬೇಕಾದ ಲನ್ ಮಾತ್ರ ಕೈಯಾರೆ ಮ್ಯಾಪ್ ಮಾಡಿ. ಓದಲು ಮಾತ್ರ ಸಾಕು ಎನ್ನುವವರಿಗೆ ಮ್ಯಾಪ್ ಮಾಡುವಾಗಲೇ ‘ರೈಟ್_ಪ್ರೊಟೆಕ್ಟ್=1’ ಕೊಡಿ.

ಕೊನೆಯದಾಗಿ ಪೋರ್ಟಲ್, ಅಂದರೆ ಲಾಗಿನ್‌ಗಾಗಿ ಟಾರ್ಗೆಟ್ ಕಾದು ಕೂರುವ ಐಪಿ ವಿಳಾಸ ಮತ್ತು ಪೋರ್ಟ್. ತಾನಾಗಿ ಆಗುವ 0.0.0.0:3260 ಎಲ್ಲ ನೆಟ್‌ವರ್ಕ್ ಕಾರ್ಡ್‌ಗಳ ಮೇಲೂ ಕಿವಿ ತೆರೆದು ಕೂತಿರುತ್ತದೆ. ಅದನ್ನು ಅಳಿಸಿ, ಸ್ಟೋರೇಜ್‌ಗೆಂದೇ ಇಟ್ಟ ವಿಲ್ಯಾನ್‌ನ (ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್‌ನ) ವಿಳಾಸಕ್ಕೆ, ಉದಾಹರಣೆಗೆ 192.168.50.10ಕ್ಕೆ, ಪೋರ್ಟಲ್ ಮಾಡಿ. ವಿದ್ಯಾರ್ಥಿಗಳ ವೈಫೈನಿಂದ ಆ ವಿಲ್ಯಾನ್‌ಗೆ ರೂಟಿಂಗ್ ಇರಕೂಡದು. ಇಷ್ಟು ಒತ್ತಿ ಹೇಳಲು ಕಾರಣವಿದೆ: ಇನಿಷಿಯೇಟರ್ ಹೆಸರು ಒಂದು ಪಠ್ಯ ಕಡತದ ಒಂದು ಸಾಲು ಅಷ್ಟೇ. ನಿಮ್ಮ ಸರ್ವರ್‌ನ ಹೆಸರು ಗೊತ್ತಾದವರು ಅದನ್ನು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಬರೆದುಕೊಂಡರೆ ಎಸಿಎಲ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರಶ್ನೆ: ಒಂದು ವಿಎಂ (ವರ್ಚುವಲ್ ಯಂತ್ರ) ಅನ್ನು ಕ್ಲೋನ್ ಮಾಡಿ ಎರಡನೆಯ ಸರ್ವರ್ ಎಬ್ಬಿಸಿದೆವು. ಅಂದಿನಿಂದ ಎರಡರಲ್ಲೂ ಐಸ್ಕಸಿ ಸಂಪರ್ಕ ಕೆಲವೇ ಸೆಕೆಂಡಿಗೊಮ್ಮೆ ಬಿದ್ದು ಏಳುತ್ತಿದೆ. ಕೇಬಲ್, ಸ್ವಿಚ್ ಪೋರ್ಟ್ ಎರಡನ್ನೂ ಬದಲಿಸಿ ನೋಡಿದ್ದಾಯಿತು. ಲಾಗ್‌ನಲ್ಲಿ 1020 ಎಂಬ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ. (ಮೈಸೂರು)

ಕೇಬಲ್ ಪಾಪ, ಅದರದ್ದೇನೂ ತಪ್ಪಿಲ್ಲ. 1020 ಎಂದರೆ ಆಚೆ ಕಡೆಯವರು ಟಿಸಿಪಿ ಸಂಪರ್ಕ ಮುಚ್ಚಿದರು ಎಂದರ್ಥ. ಟಾರ್ಗೆಟ್ ಯಾಕೆ ಮುಚ್ಚುತ್ತಿದೆ ಎಂದರೆ, ಎರಡೂ ಸರ್ವರ್‌ಗಳು ಒಂದೇ ಹೆಸರು ಹೇಳುತ್ತಿವೆ. ಎರಡರಲ್ಲೂ /ಇಟಿಸಿ/ಐಸ್ಕಸಿ ಒಳಗಿನ ಇನಿಷಿಯೇಟರ್‌ನೇಮ್ ಕಡತವನ್ನು ತೆರೆದು ಅಕ್ಕಪಕ್ಕ ಇಟ್ಟು ನೋಡಿ. ಕ್ಲೋನ್ ಜೊತೆ ಹೆಸರೂ ನಕಲಾಗಿರುತ್ತದೆ. ಒಂದೇ ಹೆಸರು, ಒಂದೇ ಸೆಶನ್ ಗುರುತು ಹಿಡಿದು ಮತ್ತೊಂದು ಲಾಗಿನ್ ಬಂದರೆ, ಹಳೆಯ ಸಂಪರ್ಕ ಸತ್ತು ಅದೇ ಸರ್ವರ್ ಮರಳಿ ಬಂದಿದೆ ಎಂದೇ ಟಾರ್ಗೆಟ್ ತಿಳಿಯಬೇಕು, ಐಸ್ಕಸಿಯ ನಿಯಮವೇ ಹಾಗಿದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತದೆ. ಕಿತ್ತಿಸಿಕೊಂಡವನು ಮತ್ತೆ ಲಾಗಿನ್ ಆಗುತ್ತಾನೆ, ಇನ್ನೊಬ್ಬ ಹೊರಗೆ. ಸಂಗೀತ ಕುರ್ಚಿ ಆಟ, ನಿಲ್ಲಿಸುವವರಿಲ್ಲ.

ಕ್ಲೋನ್ ಆದ ಸರ್ವರ್‌ನಲ್ಲಿ ಮೊದಲು ಡಿಸ್ಕ್ ಅನ್‌ಮೌಂಟ್ ಮಾಡಿ, ‘ಐಸ್ಕಸಿ‌ಎಡಿಎಂ -ಎಂ ನೋಡ್ -ಯು’ ಎಂದು ಲಾಗ್‌ಔಟ್ ಮಾಡಿ. ‘ಐಸ್ಕಸಿ-ಐನೇಮ್’ ಕಮಾಂಡ್ ಹೊಸ ಹೆಸರು ಕೊಡುತ್ತದೆ, ಅದನ್ನು ಕಡತದಲ್ಲಿ ಬರೆದು ಐಸ್ಕಸಿಡಿ ಸೇವೆ ರೀಸ್ಟಾರ್ಟ್ ಮಾಡಿ. ಹೆಸರನ್ನು ನೀವೇ ಕೊಡುವುದಾದರೆ ಅದರ ರೂಪ ‘ಐಕ್ಯೂಎನ್’, ಆಮೇಲೆ ವರ್ಷ-ತಿಂಗಳು, ಆಮೇಲೆ ತಿರುಗಿಸಿ ಬರೆದ ಡೊಮೈನ್, ಅರ್ಧವಿರಾಮ ಚಿಹ್ನೆಯಲ್ಲ, ಎರಡು ಚುಕ್ಕಿ ಹಾಕಿ ಸರ್ವರ್‌ನ ಹೆಸರು. ಆ ವರ್ಷ-ತಿಂಗಳು ಡೊಮೈನ್ ನಿಮ್ಮ ಕೈಯಲ್ಲಿದ್ದ ಕಾಲದ್ದಾಗಬೇಕು, ಸರ್ವರ್ ಕೊಂಡ ದಿನದ್ದಲ್ಲ. ಆಮೇಲೆ ಟಾರ್ಗೆಟ್‌ನಲ್ಲಿ ಹೊಸ ಹೆಸರಿಗೆ ಬೇರೆ ಎಸಿಎಲ್ ಮಾಡಿ. ಕ್ಲೋನ್‌ನ ಎಫ್‌ಎಸ್‌ಟ್ಯಾಬ್‌ನಲ್ಲಿ ಮೂಲ ಸರ್ವರ್‌ನ ಡಿಸ್ಕ್ ಮೌಂಟ್ ಆಗುವ ಸಾಲು ಹಾಗೇ ಇದೆಯೇ ಎಂದೂ ನೋಡಿ, ಸಾಮಾನ್ಯವಾಗಿ ಇರುತ್ತದೆ.

ಮುಂದೆ ಹೀಗಾಗದಿರಲು ಟೆಂಪ್ಲೇಟ್‌ನಲ್ಲೇ ಆ ಕಡತ ಖಾಲಿ ಮಾಡಿಡಿ. ಉಬುಂಟು, ಡೆಬಿಯನ್‌ನಲ್ಲಿ ‘ಜೆನರೇಟ್‌ನೇಮ್=ಯೆಸ್’ ಎಂಬ ಒಂದೇ ಸಾಲು ಬರೆದಿಟ್ಟರೆ ಮೊದಲ ಬಾರಿ ಸೇವೆ ಶುರುವಾದಾಗ ಹೊಸ ಹೆಸರು ತಾನೇ ಹುಟ್ಟುತ್ತದೆ. ಐಸ್ಕಸಿಯಂತೆಯೇ ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ಎನ್‌ವಿಎಂಇ ಓವರ್ ಟಿಸಿಪಿ ಬಳಸುವವರಿಗೂ ಇದೇ ಪಾಡು, ಅಲ್ಲಿ ನಕಲಾಗುವುದು /ಇಟಿಸಿ/ಎನ್‌ವಿಎಂಇ ಒಳಗಿನ ಹೋಸ್ಟ್‌ಎನ್‌ಕ್ಯೂಎನ್.

ಪ್ರಶ್ನೆ: ಎರಡು ವೆಬ್ ಸರ್ವರ್‌ಗಳಿಗೆ ಒಂದೇ ಲನ್ ಕೊಟ್ಟು ಎರಡರಲ್ಲೂ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಮೌಂಟ್ ಮಾಡಿದೆವು. ಒಂದರಲ್ಲಿ ಹಾಕಿದ ಚಿತ್ರ ಇನ್ನೊಂದರಲ್ಲಿ ಕಾಣಲಿಲ್ಲ. ಮೂರನೆಯ ದಿನ ಫೈಲ್‌ಸಿಸ್ಟಮ್ ತಾನಾಗಿ ರೀಡ್-ಓನ್ಲಿ ಆಯಿತು. ಅನುಮತಿ ಎರಡಕ್ಕೂ ಸರಿಯಾಗಿಯೇ ಇತ್ತಲ್ಲ? (ಹುಬ್ಬಳ್ಳಿ)

ಅನುಮತಿ ಸರಿಯಿದ್ದದ್ದೇ ತೊಂದರೆಗೆ ದಾರಿಯಾಯಿತು. ಮೊದಲು ಮಾಡಬೇಕಾದದ್ದು: ಎರಡೂ ಕಡೆ ಅನ್‌ಮೌಂಟ್ ಮಾಡಿ, ಒಂದು ಸರ್ವರನ್ನು ಲಾಗ್‌ಔಟ್ ಮಾಡಿ, ಟಾರ್ಗೆಟ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಆಮೇಲಷ್ಟೇ ‘ಇ2ಎಫ್‌ಎಸ್‌ಸಿಕೆ -ಎನ್’ ಓಡಿಸಿ. ‘-ಎನ್’ ಇದ್ದರೆ ಏನನ್ನೂ ತಿದ್ದದೆ ಬರೀ ವರದಿ ಕೊಡುತ್ತದೆ. ಒಂದು ಕಡೆ ಮೌಂಟ್ ಇರುವಾಗ ಇನ್ನೊಂದು ಕಡೆಯಿಂದ ರಿಪೇರಿಗೆ ಇಳಿದರೆ ಉಳಿದದ್ದೂ ಹೋಗುತ್ತದೆ.

ಎಕ್ಸ್‌ಟಿ4 ಆಗಲಿ ಎಕ್ಸ್‌ಎಫ್‌ಎಸ್ ಆಗಲಿ, ಈ ಡಿಸ್ಕ್ ನನ್ನೊಬ್ಬನದೇ ಎಂದು ನಂಬಿಕೊಂಡೇ ಕೆಲಸ ಮಾಡುತ್ತದೆ. ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಎಂಬ ನಕ್ಷೆಯನ್ನು ಡಿಸ್ಕಿನಿಂದ ಒಮ್ಮೆ ಓದಿ ತನ್ನ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಸರ್ವರ್ 81920ನೇ ಬ್ಲಾಕನ್ನು ಒಂದು ಚಿತ್ರಕ್ಕೆ ಕೊಟ್ಟಿತು ಎನ್ನಿ. ಎರಡನೆಯದರ ರ‍್ಯಾಮ್‌ನಲ್ಲಿರುವ ನಕ್ಷೆಯಲ್ಲಿ ಅದು ಇನ್ನೂ ಖಾಲಿ. ಅದು ಅದೇ ಬ್ಲಾಕನ್ನು ಬೇರೆ ಕಡತಕ್ಕೆ ಕೊಡುತ್ತದೆ, ಮೇಲೆ ಬರೆಯುತ್ತದೆ, ತನ್ನ ಹಳೆಯ ನಕ್ಷೆಯನ್ನೂ ಡಿಸ್ಕಿಗೆ ಒತ್ತುತ್ತದೆ. ಚಿತ್ರ ಕಾಣದೇ ಇದ್ದದ್ದು ಮೊದಲ ಸುಳಿವು. ಅಂದೇ ನಿಲ್ಲಿಸಿದ್ದರೆ ಬಹಳಷ್ಟು ಉಳಿಯುತ್ತಿತ್ತು.

‘ಹಾಗಾದರೆ ಎರಡನೆಯದನ್ನು ರೀಡ್-ಓನ್ಲಿ ಮೌಂಟ್ ಮಾಡಿದರಾಯಿತು’ ಎಂದು ಇನ್ನೂ ಇಬ್ಬರು ಓದುಗರು ಬರೆದಿದ್ದಾರೆ. ಆಗದು. ಜರ್ನಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ಬರೆದಿಡುವ ದಿನಚರಿಯಲ್ಲಿ) ಬಾಕಿ ಇದ್ದರೆ ಎಕ್ಸ್‌ಟಿ4 ‘-ಒ ಆರ್‌ಒ’ ಮೌಂಟ್‌ನಲ್ಲೂ ಅದನ್ನು ಡಿಸ್ಕಿಗೆ ಬರೆದು ತೀರಿಸುತ್ತದೆ, ಅಂದರೆ ಓದುವವನೂ ಬರೆದೇ ಬರೆಯುತ್ತಾನೆ. ‘ನೋಲೋಡ್’ ಸೇರಿಸಿ ಅದನ್ನು ತಡೆಯಬಹುದು (ಎಕ್ಸ್‌ಎಫ್‌ಎಸ್‌ನಲ್ಲಿ ‘ನೋರಿಕವರಿ’), ಆದರೆ ಕಾಣುವುದು ಆಗಲೂ ಹಳಸಿದ ಮಾಹಿತಿಯೇ.

ನಿಮ್ಮದು ಎರಡು ವೆಬ್ ಸರ್ವರ್, ಹಂಚಬೇಕಾದದ್ದು ಚಿತ್ರಗಳು. ಇದಕ್ಕೆ ಒಂದೇ ಯಂತ್ರ ಲನ್ ಮೌಂಟ್ ಮಾಡಿ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ವ್ಯವಸ್ಥೆ) ಮೂಲಕ ಇಬ್ಬರಿಗೂ ಕೊಡುವುದೇ ನಮ್ಮ ಸಲಹೆ. ಹಲವು ಸರ್ವರ್ ಒಟ್ಟಿಗೆ ಮೌಂಟ್ ಮಾಡಬಹುದಾದ ಜಿಎಫ್‌ಎಸ್2, ಒಸಿಎಫ್‌ಎಸ್2ನಂಥ ಕ್ಲಸ್ಟರ್ ಫೈಲ್‌ಸಿಸ್ಟಮ್ ಇವೆ ನಿಜ. ಆದರೆ ಜಿಎಫ್‌ಎಸ್2 ಬೇಕೆಂದರೆ ಕೊರೊಸಿಂಕ್, ಪೇಸ್‌ಮೇಕರ್, ಡಿಎಲ್‌ಎಂ ಎಂಬ ಕ್ಲಸ್ಟರ್ ತಂತ್ರಾಂಶಗಳು, ಪ್ರತಿ ಸರ್ವರ್‌ಗೊಂದು ಜರ್ನಲ್, ಇಷ್ಟಲ್ಲದೆ ಹದಗೆಟ್ಟ ಸರ್ವರನ್ನು ಬಲವಂತವಾಗಿ ಹೊರಹಾಕುವ ಫೆನ್ಸಿಂಗ್ ಬೇಕೇ ಬೇಕು. ನಾಲ್ಕು ಚಿತ್ರ ಹಂಚಲು ಅಷ್ಟು ದೊಡ್ಡ ಸಂಸಾರ ಹೂಡಬೇಕೇ?

ಒಬ್ಬರು ಬಿದ್ದರೆ ಇನ್ನೊಬ್ಬರು ಡಿಸ್ಕ್ ಹಿಡಿಯುವ ಏರ್ಪಾಡು ಮಾತ್ರ ಬೇಕಿದ್ದರೆ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಬಳಸಿ. ಪ್ರತಿ ಸರ್ವರ್ ಒಂದು ಕೀಲಿ ನೋಂದಾಯಿಸುತ್ತದೆ, ಒಬ್ಬರು ರಿಸರ್ವ್ ಮಾಡುತ್ತಾರೆ. 5ನೇ ವಿಧದಲ್ಲಿ ನೋಂದಾಯಿಸಿದವರಷ್ಟೇ ಬರೆಯಬಹುದು. ಪಾಳಿ ಬದಲಾದಾಗ ಹೊಸಬ ಹಳಬನ ಕೀಲಿಯನ್ನು ಪ್ರಿಎಂಪ್ಟ್ ಮಾಡಿ ಕಿತ್ತುಹಾಕುತ್ತಾನೆ. ಮೂರ್ಛೆಯಿಂದ ಎದ್ದ ಹಳೆಯ ಸರ್ವರ್ ಬರೆಯಲು ಬಂದರೆ ‘ರಿಸರ್ವೇಶನ್ ಕಾನ್‌ಫ್ಲಿಕ್ಟ್’ ಎಂದು ಡಿಸ್ಕೇ ವಾಪಸು ಕಳಿಸುತ್ತದೆ. ಯಾರ ಕೀಲಿಗಳಿವೆ ಎಂದು ‘ಎಸ್‌ಜಿ_ಪರ್ಸಿಸ್ಟ್ --ಇನ್ -ಕೆ’ ತೋರಿಸುತ್ತದೆ. ಕೀಲಿ ಸೇರುವುದು ಸರ್ವರ್‌ಗಲ್ಲ, ಸರ್ವರ್‌ನ ಒಂದೊಂದು ದಾರಿಗೆ. ಮಲ್ಟಿಪಾತ್ (ಒಂದೇ ಡಿಸ್ಕಿಗೆ ಹಲವು ದಾರಿ) ಇರುವಲ್ಲಿ ಒಂದೇ ದಾರಿಯಲ್ಲಿ ನೋಂದಾಯಿಸಿ ಬಿಟ್ಟರೆ ಬರಹದ ಅರ್ಧ ಹೋಗುತ್ತದೆ, ಅರ್ಧ ಬೀಳುತ್ತದೆ. ಅಲ್ಲಿ ‘ಎಂಪಾತ್‌ಪರ್ಸಿಸ್ಟ್’ ಬಳಸಿ.

ಇದ್ಯಾವುದೂ ಬೇಡ, ಕೈತಪ್ಪಿನಿಂದ ಎರಡು ಕಡೆ ಮೌಂಟ್ ಆಗದಿದ್ದರೆ ಸಾಕು ಎನ್ನುವವರು ಅನ್‌ಮೌಂಟ್ ಸ್ಥಿತಿಯಲ್ಲಿ ‘ಟ್ಯೂನ್2ಎಫ್‌ಎಸ್ -ಒ ಎಂಎಂಪಿ’ ಹಾಕಿಡಿ (ಆ ‘ಒ’ ದೊಡ್ಡ ಅಕ್ಷರ). ಡಿಸ್ಕ್ ಬೇರೆಡೆ ಬಳಕೆಯಲ್ಲಿದೆ ಎಂದು ಕಂಡರೆ ಎಕ್ಸ್‌ಟಿ4 ಮೌಂಟ್ ಮಾಡಲು ಒಪ್ಪುವುದಿಲ್ಲ.

ಪ್ರಶ್ನೆ: ಟಾರ್ಗೆಟ್‌ನಲ್ಲಿ ಚಾಪ್ (ಲಾಗಿನ್ ಹೊತ್ತಿನ ಗುರುತು ಪರೀಕ್ಷೆ) ಪಾಸ್‌ವರ್ಡ್ ಬದಲಿಸಿ, ಸರ್ವರ್‌ನ ಐಸ್ಕಸಿಡಿ.ಕಾನ್ಫ್‌ನಲ್ಲೂ ಬದಲಿಸಿದೆವು. ಎರಡು ವಾರ ಏನೂ ಆಗಲಿಲ್ಲ. ಸ್ವಿಚ್ ರೀಬೂಟ್ ಆದ ರಾತ್ರಿ ಲಾಗಿನ್ ಆಗದೆ ಎರರ್ 24 ಬಂತು. (ಕಲಬುರಗಿ)

ಐಸ್ಕಸಿಡಿ.ಕಾನ್ಫ್ ಒಂದು ಅಚ್ಚು ಮಾತ್ರ. ಟಾರ್ಗೆಟನ್ನು ಮೊದಲು ಡಿಸ್ಕವರಿ ಮಾಡಿದ ದಿನ ಅದರಲ್ಲಿದ್ದದ್ದನ್ನು ನಕಲು ಮಾಡಿ ನೋಡ್ ದಾಖಲೆ ಬರೆದುಕೊಳ್ಳುತ್ತದೆ. ದಾಖಲೆ ಇರುವುದು /ವಾರ್/ಲಿಬ್/ಐಸ್ಕಸಿ/ನೋಡ್ಸ್ ಅಥವಾ ಲಿನಕ್ಸ್ ಡಿಸ್ಟ್ರೊ ಬೇರೆಯಾದರೆ /ಇಟಿಸಿ/ಐಸ್ಕಸಿ/ನೋಡ್ಸ್ ಒಳಗೆ. ಲಾಗಿನ್ ಹೊತ್ತಿಗೆ ಓದುವುದು ಈ ದಾಖಲೆಯನ್ನೇ. ‘ಐಸ್ಕಸಿ‌ಎಡಿಎಂ -ಎಂ ನೋಡ್’ ಜೊತೆ ಟಾರ್ಗೆಟ್ ಹೆಸರು, ಪೋರ್ಟಲ್ ಕೊಟ್ಟು ‘-ಒ ಅಪ್‌ಡೇಟ್ -ಎನ್ ನೋಡ್.ಸೆಶನ್.ಆಥ್.ಪಾಸ್‌ವರ್ಡ್ -ವಿ’ ಮುಂದೆ ಹೊಸ ಪಾಸ್‌ವರ್ಡ್ ಬರೆಯಿರಿ. ಎರಡು ಪೋರ್ಟಲ್ ಇದ್ದರೆ ಎರಡಕ್ಕೂ. ಎರಡು ವಾರ ನಡೆದದ್ದು ಹಳೆಯ ಸೆಶನ್ ಬಲದಿಂದ, ನಡುವೆ ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ. ಹಾಗಾಗಿ ಬದಲಿಸಿದ ದಿನವೇ, ಕೆಲಸ ನಿಲ್ಲಿಸಲು ಅವಕಾಶವಿರುವ ಹೊತ್ತಿನಲ್ಲಿ, ಲಾಗ್‌ಔಟ್ ಮಾಡಿ ಲಾಗಿನ್ ಮಾಡಿ ನೋಡಬೇಕು.

24 ಕಂಡಾಗ ಸಂಖ್ಯೆಯನ್ನಷ್ಟೇ ನಂಬಬೇಡಿ, ಐಸ್ಕಸಿಡಿಯ ಲಾಗ್ ಓದಿ. ‘ಅಥೆಂಟಿಕೇಶನ್’ ವಿಫಲ ಎಂದಿದ್ದರೆ ಪಾಸ್‌ವರ್ಡ್ ತಪ್ಪು. ‘ಆಥರೈಸೇಶನ್’ ವಿಫಲ ಎಂದಿದ್ದರೆ ನಿಮ್ಮ ಹೆಸರೇ ಎಸಿಎಲ್‌ನಲ್ಲಿಲ್ಲ. ಎರಡೂ ಪದ ಒಂದೇ ಥರ ಕಾಣುವುದರಿಂದ ಪಾಸ್‌ವರ್ಡ್ ಹತ್ತು ಸಲ ಬದಲಿಸಿ ಸುಸ್ತಾದವರು ಬಹಳ ಜನ.

ಪಾಸ್‌ವರ್ಡ್ ಉದ್ದ 12ರಿಂದ 16 ಅಕ್ಷರ ಇರಲಿ, ವಿಂಡೋಸ್ ಇನಿಷಿಯೇಟರ್ ಒಪ್ಪುವುದು ಅಷ್ಟನ್ನೇ. ಮ್ಯೂಚುಯಲ್ ಚಾಪ್ (ಸರ್ವರ್ ಕೂಡ ಟಾರ್ಗೆಟ್‌ನ ಗುರುತು ಕೇಳುವುದು) ಇಟ್ಟರೆ ಹೋಗುವ ಮತ್ತು ಬರುವ ಪಾಸ್‌ವರ್ಡ್ ಬೇರೆ ಬೇರೆ ಇರಬೇಕು. ಒಂದೇ ಇದ್ದರೆ ಕಳ್ಳ ಟಾರ್ಗೆಟ್ ನಿಮ್ಮ ಸವಾಲನ್ನು ನಿಮಗೇ ತಿರುಗಿಸಿ ಉತ್ತರ ಗಿಟ್ಟಿಸಿಕೊಳ್ಳುತ್ತದೆ. ಚಾಪ್ ಬಾಗಿಲಲ್ಲಿ ಗುರುತು ಕೇಳುತ್ತದೆ ಅಷ್ಟೇ, ಆಮೇಲೆ ಹರಿಯುವ ಮಾಹಿತಿ ಗುಪ್ತವಾಗಿರುವುದಿಲ್ಲ. ಅದು ಬೇಕಿದ್ದರೆ ಐಪಿಸೆಕ್ ಹಾಕಬೇಕು.

ಪ್ರಶ್ನೆ: ಫೈಬರ್ ಚಾನೆಲ್‌ನಲ್ಲಿ ಸ್ವಿಚ್‌ನಲ್ಲಿ ಝೋನಿಂಗ್ ಮಾಡಿದ ಮೇಲೆ ಸ್ಟೋರೇಜ್‌ನಲ್ಲಿ ಮತ್ತೆ ಲನ್ ಮಾಸ್ಕಿಂಗ್ ಯಾಕೆ? (ಮಂಗಳೂರು)

ಝೋನ್ ಹೇಳುವುದು ಯಾವ ಪೋರ್ಟ್ ಯಾವ ಪೋರ್ಟನ್ನು ನೋಡಬಹುದು ಎಂದು. ಸ್ಟೋರೇಜ್‌ನ ಒಂದೇ ಪೋರ್ಟ್ ಹಿಂದೆ ನೂರು ಲನ್ ಇರಬಹುದು, ಅವುಗಳ ಸುದ್ದಿ ಸ್ವಿಚ್‌ಗೆ ಇಲ್ಲ. ಅದಕ್ಕೇ ಮಾಸ್ಕಿಂಗ್, ಅಂದರೆ ಯಾವ ಸರ್ವರ್‌ಗೆ ಯಾವ ಲನ್ ಕಾಣಬೇಕು ಎಂದು ಸ್ಟೋರೇಜೇ ನಿರ್ಧರಿಸುವುದು. ಒಂದು ಝೋನ್‌ನಲ್ಲಿ ಸರ್ವರ್ ಕಡೆಯ ಒಂದೇ ಪೋರ್ಟ್ ಇರಲಿ, ಇಲ್ಲದಿದ್ದರೆ ಒಂದು ಸರ್ವರ್ ರೀಬೂಟ್ ಆದಾಗಲೆಲ್ಲ ಉಳಿದವಕ್ಕೂ ಬದಲಾವಣೆಯ ಸೂಚನೆ ತಲುಪುತ್ತದೆ. ಝೋನ್ ಬರೆಯುವಾಗ ಕಾರ್ಡಿನ ಡಬ್ಲ್ಯುಡಬ್ಲ್ಯುಪಿಎನ್ (ಪೋರ್ಟ್‌ನ ಗುರುತು) ಬಳಸಿ, ಡಬ್ಲ್ಯುಡಬ್ಲ್ಯುಎನ್‌ಎನ್ (ಇಡೀ ಸಾಧನದ ಗುರುತು) ಅಲ್ಲ. ಎರಡೂ 16 ಹೆಕ್ಸ್ ಅಂಕಿ, ಅಂಗೈಯಗಲದ ಲೇಬಲ್‌ನಲ್ಲಿ ಒಂದರ ಕೆಳಗೊಂದು ಇರುತ್ತವೆ. /ಸಿಸ್/ಕ್ಲಾಸ್/ಎಫ್‌ಸಿ_ಹೋಸ್ಟ್ ಒಳಗಿನ ‘ಪೋರ್ಟ್_ನೇಮ್’ ನೋಡಿದರೆ ಗೊಂದಲವಿಲ್ಲ. ಕಾರ್ಡ್ ಸುಟ್ಟು ಹೊಸದು ಹಾಕಿದರೆ ಝೋನ್, ಮಾಸ್ಕ್ ಎರಡನ್ನೂ ತಿದ್ದಬೇಕು. ಅದು ಬೇಡವೆಂದು ಸ್ವಿಚ್ ಪೋರ್ಟ್ ಸಂಖ್ಯೆಯಿಂದ ಝೋನ್ ಮಾಡುವವರಿದ್ದಾರೆ. ಅವರಲ್ಲಿ ಕೇಬಲ್ ಅದಲುಬದಲಾದರೆ ಬೇರೆ ಸರ್ವರ್ ಸ್ಟೋರೇಜ್ ಪೋರ್ಟ್‌ವರೆಗೆ ತಲುಪುತ್ತದೆ. ಆಗ ಕಾಯುವುದು ಮಾಸ್ಕಿಂಗ್ ಒಂದೇ.

ಪ್ರಶ್ನೆ: ಟಾರ್ಗೆಟ್ ಯಂತ್ರ ರೀಬೂಟ್ ಆದ ಮೇಲೆ ಲನ್ ಮಾಯವಾಗಿದೆ. ಬ್ಯಾಕ್‌ಸ್ಟೋರ್ (ಲನ್ ಹಿಂದಿನ ಡಿಸ್ಕಿನ ನಮೂದು) ಮಾಡಲು ಹೋದರೆ ಡಿಸ್ಕ್ ಬಳಕೆಯಲ್ಲಿದೆ ಎನ್ನುತ್ತದೆ. (ಬೆಳಗಾವಿ)

ಬೇಲಿಯೇ ಎದ್ದು ಹೊಲ ಮೇಯ್ದಿದೆ. ನೀವು ಇಡೀ ಡಿಸ್ಕನ್ನು ಲನ್ ಆಗಿ ಕೊಟ್ಟಿದ್ದೀರಿ, ಅದನ್ನು ಪಡೆದ ಸರ್ವರ್ ಅದರ ಮೇಲೆ ಎಲ್‌ವಿಎಂ (ಡಿಸ್ಕನ್ನು ವಾಲ್ಯೂಮ್‌ಗಳಾಗಿ ಪಾಲು ಮಾಡುವ ಲಿನಕ್ಸ್ ವ್ಯವಸ್ಥೆ) ಮಾಡಿಕೊಂಡಿದೆ. ಬೂಟ್ ಆಗುವಾಗ ಟಾರ್ಗೆಟ್ ಯಂತ್ರದ ಎಲ್‌ವಿಎಂ ಆ ಗುರುತನ್ನು ಕಂಡು ತನ್ನದೇ ಎಂದು ಎಬ್ಬಿಸಿ ಹಿಡಿದುಕೊಂಡಿದೆ. ‘ಎಲ್‌ಎಸ್‌ಬಿಎಲ್‌ಕೆ’ ಹೊಡೆದರೆ ಅತಿಥಿ ಸರ್ವರ್‌ನ ವಾಲ್ಯೂಮ್‌ಗಳು ಇಲ್ಲೇ ಕಾಣುತ್ತವೆ.

ಈ ಹೊತ್ತಿನಲ್ಲಿ ಟಾರ್ಗೆಟ್‌ಸಿಎಲ್‌ಐ ತೆರೆದು ‘ಎಕ್ಸಿಟ್’ ಕೊಡಬೇಡಿ. ಹೊರಬರುವಾಗ ಅದು ತಾನಾಗಿ ಸೇವ್ ಮಾಡುತ್ತದೆ, ಲನ್ ಇಲ್ಲದ ಅರೆಬರೆ ಸ್ಥಿತಿ ಒಳ್ಳೆಯ ಸೇವ್‌ಕಾನ್ಫಿಗ್ (ಉಳಿಸಿಟ್ಟ ಸೆಟ್ಟಿಂಗ್ ಕಡತ) ಮೇಲೆ ಕೂರುತ್ತದೆ. ಈಗಾಗಲೇ ಹಾಗೆ ಮಾಡಿದ್ದರೆ /ಇಟಿಸಿ/ಟಾರ್ಗೆಟ್/ಬ್ಯಾಕಪ್ ಒಳಗೆ ಹಳೆಯ ಪ್ರತಿಗಳಿವೆಯೇ ನೋಡಿ. ‘ವಿಜಿಚೇಂಜ್ -ಎಎನ್’ ಮುಂದೆ ಆ ವಾಲ್ಯೂಮ್ ಗುಂಪಿನ ಹೆಸರು ಕೊಟ್ಟು ಬಿಡಿಸಿ, ‘ಟಾರ್ಗೆಟ್‌ಸಿಟಿಎಲ್ ರೀಸ್ಟೋರ್’ ಕೊಡಿ. ಆಮೇಲೆ ಎಲ್‌ವಿಎಂ.ಕಾನ್ಫ್‌ನ ‘ಗ್ಲೋಬಲ್_ಫಿಲ್ಟರ್’ನಲ್ಲಿ ಆ ಡಿಸ್ಕನ್ನು ತಿರಸ್ಕರಿಸಿ. /ಡೆವ್/ಎಸ್‌ಡಿಬಿ ಥರದ ಹೆಸರು ಬದಲಾಗುತ್ತಿರುತ್ತದೆ, /ಡೆವ್/ಡಿಸ್ಕ್/ಬೈ-ಐಡಿ ಹೆಸರು ಬಳಸಿ. ಕೊನೆಗೆ ‘ಡ್ರಾಕಟ್ -ಎಫ್’, ಯಾಕೆಂದರೆ ಎಲ್‌ವಿಎಂ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲೇ (ಬೂಟ್‌ನ ಮೊದಲ ಹಂತದ ಪುಟ್ಟ ವ್ಯವಸ್ಥೆಯಲ್ಲೇ) ಎಚ್ಚರವಾಗಿರಬಹುದು.

ಪ್ರಶ್ನೆ: ಒಂದೇ ಲನ್ ಕೊಟ್ಟರೂ ಎಸ್‌ಡಿಬಿ, ಎಸ್‌ಡಿಸಿ ಎಂದು ಎರಡು ಕಾಣುತ್ತಿವೆ. ಒಂದನ್ನು ಬ್ಯಾಕಪ್‌ಗೆ ಬಳಸಬಹುದೇ? (ಶಿವಮೊಗ್ಗ)

ಖಂಡಿತ ಬೇಡ. ಎರಡೂ ಒಂದೇ ಡಿಸ್ಕ್, ದಾರಿ ಎರಡು. ಎರಡರ ಡಬ್ಲ್ಯುಡಬ್ಲ್ಯುಐಡಿ (ಡಿಸ್ಕಿನ ವಿಶಿಷ್ಟ ಗುರುತು) ಒಂದೇ ಇರುತ್ತದೆ, ‘ಎಸ್‌ಸಿಎಸ್‌ಐ_ಐಡಿ’ ಕಮಾಂಡ್‌ನಿಂದ ನೋಡಿ. ಮಲ್ಟಿಪಾತ್ ಹಾಕಿ /ಡೆವ್/ಮ್ಯಾಪರ್ ಕೆಳಗಿನ ಹೆಸರನ್ನಷ್ಟೇ ಬಳಸಿ.

ಪ್ರಶ್ನೆ: ಹಳೆಯ ಸರ್ವರ್ ಒಂದನ್ನು ತೆಗೆಯಬೇಕು. ಟಾರ್ಗೆಟ್‌ನಲ್ಲಿ ಎಸಿಎಲ್ ಅಳಿಸಿದರೆ ಸಾಕಲ್ಲವೇ? (ಉಡುಪಿ)

ಅಲ್ಲಿಂದ ಶುರು ಮಾಡಿದರೆ ಸರ್ವರ್‌ನಲ್ಲಿ ಡಿಸ್ಕಿಗಾಗಿ ಕಾಯುತ್ತಿರುವ ಪ್ರೋಸೆಸ್‌ಗಳು ‘ಡಿ’ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತವೆ, ‘ಕಿಲ್ -9’ಗೂ ಜಗ್ಗುವುದಿಲ್ಲ. ಸರ್ವರ್ ಕಡೆಯಿಂದ ಬನ್ನಿ: ಅನ್‌ಮೌಂಟ್, ಎಫ್‌ಎಸ್‌ಟ್ಯಾಬ್ ಸಾಲು ತೆಗೆಯುವುದು, ‘ವಿಜಿಚೇಂಜ್ -ಎಎನ್’, ‘ಮಲ್ಟಿಪಾತ್ -ಎಫ್’, ಲಾಗ್‌ಔಟ್, ಆಮೇಲೆ ‘-ಒ ಡಿಲೀಟ್’ ಕೊಟ್ಟು ನೋಡ್ ದಾಖಲೆ ಅಳಿಸುವುದು. ಆ ದಾಖಲೆ ಉಳಿದರೆ ಮುಂದಿನ ಬೂಟ್‌ನಲ್ಲಿ ಸರ್ವರ್ ಮತ್ತೆ ಬಾಗಿಲು ತಟ್ಟುತ್ತದೆ. ಇಷ್ಟಾದ ಮೇಲೆ ಟಾರ್ಗೆಟ್‌ನಲ್ಲಿ ಆ ಹೆಸರಿನ ಸೆಶನ್ ಉಳಿದಿಲ್ಲವೆಂದು ‘ಸೆಶನ್ಸ್’ ಕಮಾಂಡ್‌ನಿಂದ ನೋಡಿಕೊಂಡು ಎಸಿಎಲ್ ಅಳಿಸಿ, ಸೇವ್ ಮಾಡಿ.